ಭಾವನ ಮನೆಯ ಎರಡು ಚೊಂಬು ನೀರು

ವಿಶಾಲಮ್ಮ: ಒಂದು ಚೊಂಬಾ, ಎರಡು ಚೊಂಬಾ? ಅದನ್ನ ಮೊದ್ಲು ಹೇಳಿ.

ಮಂಜುನಾಥಪ್ಪ: ಎರಡು. ಆದ್ರೆ ಎರಡನೇದು ಪೂರ್ತಿ ಕುಡೀಲಿಲ್ಲ ಮಾರಾಯ್ತಿ. ಅರ್ಧ ತಲೆ ಮೇಲೆ ಸುರ್ಕೊಂಡೆ.

ವಿಶಾಲಮ್ಮ: ತಲೆ ಮೇಲೆ ಸುರ್ಕೊಂಡಿದ್ದು ಯಾರಿಗೆ ಬೇಕು? ಗಂಟಲಲ್ಲಿ ಇಳೀತೋ ಇಲ್ವೋ?

ಮಂಜುನಾಥಪ್ಪ: ಇಳೀತು.

ವಿಶಾಲಮ್ಮ: ಹಂಗಾದ್ರೆ ನನ್ನ ಮರ್ಯಾದೆನೂ ಅದರ ಜೊತೆಗೇ ಇಳೀತು ಬಿಡಿ!

(ತೀರ್ಥಹಳ್ಳಿ ಪೇಟೆಯ ಮನೆಯೊಂದರ ಜಗಲಿ. ಭಾನುವಾರ, ಬಿಸಿಲು ಏರಿದೆ. ಮಂಜುನಾಥಪ್ಪನವರದು ನೀರಿನ ಪೈಪು, ಪಂಪ್‌ಸೆಟ್ ಮಾರುವ ಅಂಗಡಿ. ಐವತ್ತು ದಾಟಿದ ಮೇಲೆ ಅವರಿಗೆ ಓಟದ ಹುಚ್ಚು ಹಿಡಿಯಿತು. ಬರುವ ತಿಂಗಳು ಶಿವಮೊಗ್ಗದ ಹಾಫ್ ಮ್ಯಾರಥಾನಿಗೆ ಹೆಸರು ಕೊಟ್ಟಿದ್ದಾರೆ. ಕೊಟ್ಟು ಸುಮ್ಮನಿರದೆ, ಅಂಗಡಿಗೆ ನಲ್ಲಿ ವಾಷರ್ ಕೊಳ್ಳಲು ಬಂದವರಿಗೂ ಹೇಳಿಬಿಟ್ಟಿದ್ದಾರೆ. ಹಾಗಾಗಿ ಈಗ ಓಡದೆ ವಿಧಿಯಿಲ್ಲ. ಇವತ್ತು ಅರಳಸುರಳಿ ಕಡೆಗೆ ಓಡಿ ಹೋದವರು ಬಸ್ಸಿನಲ್ಲಿ ಕೂತು ವಾಪಸು ಬಂದಿದ್ದಾರೆ. ಕಾಲು ಬಿಸಿನೀರಿನ ಬಕೆಟ್ಟಿನಲ್ಲಿದೆ. ಹೆಂಡತಿ ಎದುರಿಗೆ ನಿಂತಿದ್ದಾರೆ.)

ವಿಶಾಲಮ್ಮ: ಇಡೀ ರಸ್ತೇಲಿ ಬೇರೆ ಮನೆ ಇರ್ಲಿಲ್ವಾ? ಹೋಗಿ ಹೋಗಿ ನಮ್ಮಣ್ಣನ ಮನೇಲೇ ಕುಡೀಬೇಕಾ?

ಮಂಜುನಾಥಪ್ಪ: ಅಲ್ಲಿಂದ ಹಿಂದೆ ಎಲ್ಲ ಕಾಡು, ಮುಂದೆ ಸೇತುವೆವರೆಗೂ ಮನೆ ಇಲ್ಲ. ನಿನಗೆ ಗೊತ್ತಿಲ್ದೇ ಇರೋದಾ? ನಿನ್ನ ತವರಿನ ದಾರಿ.

ವಿಶಾಲಮ್ಮ: ಹಳ್ಳ ಇದ್ಯಲ್ಲ?

ಮಂಜುನಾಥಪ್ಪ: ಹಳ್ಳದಲ್ಲಿ ಎಮ್ಮೆ ಮಲಗಿತ್ತು.

ವಿಶಾಲಮ್ಮ: ಎಮ್ಮೆ ಜೊತೆ ನಮಗೆ ಜಗಳ ಇಲ್ಲ. ಅಲ್ಲೇ ಕುಡೀಬಹುದಿತ್ತು.

(ಜಗಳ ಇದ್ದದ್ದು ಅಣ್ಣ ದುಗ್ಗಪ್ಪನ ಜೊತೆ. ಎರಡು ವರ್ಷದ ಹಿಂದೆ ಹೊಸ ಮನೆಯ ಗೃಹಪ್ರವೇಶಕ್ಕೆ ಒಡಹುಟ್ಟಿದ ತಂಗಿಯನ್ನು ಮನೆಗೆ ಬಂದು, ಕುಂಕುಮ ಇಟ್ಟು ಕರೆಯುವ ಬದಲು, ವಾಟ್ಸಾಪ್ ಗುಂಪಿನಲ್ಲಿ ಊರಿಗೆಲ್ಲ ಕಳಿಸಿದ ಕೈಮುಗಿದ ಚಿತ್ರವನ್ನೇ ಇವರಿಗೂ ಕಳಿಸಿದ್ದ. ಇವರು ಹೆಬ್ಬೆಟ್ಟಿನ ಚಿತ್ರ ಒತ್ತಿ ಸುಮ್ಮನಾದರು. ಅಲ್ಲಿಂದ ಇವರ ಮನೆಯ ನೀರು ಅವರಿಗಿಲ್ಲ, ಅವರ ಮನೆಯ ನೀರು ಇವರಿಗಿಲ್ಲ. ಈ ಕಡೆಯಲ್ಲಿ ಮುನಿಸಿನ ಕಾನೂನು ಅಷ್ಟೇ: ನೀರು ಕುಡಿದರೆ ಜಗಳ ಮುಗಿಯಿತು, ಮೊದಲು ಕುಡಿದವರು ಸೋತರು.)

ಮಂಜುನಾಥಪ್ಪ: ನಾನೇನು ರಾಜಿಗೆ ಹೋಗಿದ್ನಾ? ಕಾಲು ಹಿಡ್ಕೊಂಡು ಗೇಟಿಗೆ ಆತ್ಕೊಂಡು ನಿಂತಿದ್ದೆ. ಅವ್ರೇ ಓಡಿ ಬಂದ್ರು.

ವಿಶಾಲಮ್ಮ: ಓಡಿ ಬಂದ್ನಾ? ಮಂಡಿ ನೋವು ಅಂತಿದ್ದ. ಈಗ ಓಡ್ತಾನಾ?

ಮಂಜುನಾಥಪ್ಪ: ನನಗಿಂತ ಚೆನ್ನಾಗೇ ಓಡಿದ್ರು.

ವಿಶಾಲಮ್ಮ: ಯಾವ ಚೊಂಬು? ಅಮ್ಮಂದು ತಾಮ್ರದ್ದಾ?

ಮಂಜುನಾಥಪ್ಪ: ಕಣ್ಣು ಕತ್ತಲೆ ಬರ್ತಿತ್ತು. ತಾಮ್ರನೋ ಸ್ಟೀಲೋ ಎಂತ ನೋಡ್ಲಿ?

ವಿಶಾಲಮ್ಮ: ಒಳಗೆ ಹೋದ್ರಾ? ಅಡುಗೆಮನೆ ಎಂತ ಬಣ್ಣ ಹೊಡ್ಸಿದಾರೆ? ಅತ್ತಿಗೆ ನನ್ನ ಕೇಳಿದ್ರಾ?

ಮಂಜುನಾಥಪ್ಪ: ನೀನು ಬೈತಾ ಇದೀಯಾ, ಯೋಗಕ್ಷೇಮ ಕೇಳ್ತಾ ಇದೀಯಾ?

ವಿಶಾಲಮ್ಮ: ಬೈತಾ ಇದೀನಿ! ಊರಿಗೆಲ್ಲ ನೀರಿನ ಪೈಪು ಮಾರೋರು, ಸ್ವಂತ ಹೊಟ್ಟೆಗೆ ನೀರು ಇಟ್ಕೊಳ್ಳೋಕೆ ಆಗ್ಲಿಲ್ಲ. ಆ ಸೊಂಟದ ಬೆಲ್ಟು, ನಾಲ್ಕು ಬಾಟ್ಲಿ, ಎಂತಕ್ಕೆ? ಶೋಕಿಗಾ?

ಮಂಜುನಾಥಪ್ಪ: ಅದನ್ನೇ ಹೇಳೋಕೆ ಹೊರಟಿದ್ದು! ಬಾಟ್ಲಿ ಸೋರಿದೆ. ಕೇಳಿಲ್ಲಿ. ದೂರದ ಓಟದಲ್ಲಿ ಬಾಯಾರೋಕೆ ಮೊದ್ಲೇ ನೀರು ಕುಡೀಬೇಕು. ಬಾಯಾರಿದ ಮೇಲೆ ಕುಡಿದ್ರೆ ತಡ ಆಯ್ತು ಅಂತ. ಅದಕ್ಕೇ ಫೋನಲ್ಲಿ ಅಲಾರಾಂ ಇಟ್ಟಿರೋದು. ಅದು ಕೂಗಿದಾಗೆಲ್ಲ ನಾಲ್ಕು ಗುಟುಕು. ಮೊದಲ್ನೇ ಬಾಟ್ಲಿ ಆಯ್ತು, ಎರಡನೇದು ಆಯ್ತು. ಮೂರನೇದು ತೆಗೀತೀನಿ, ಖಾಲಿ! ನಾಲ್ಕನೇದೂ ಖಾಲಿ!

ವಿಶಾಲಮ್ಮ: ಅಯ್ಯೋ ಪಾಪ.

ಮಂಜುನಾಥಪ್ಪ: ಬಸ್ಸಲ್ಲೇ ಕೂತು ಕಂಪನಿಯವ್ರಿಗೆ ಒಂದೇ ಸ್ಟಾರ್ ಕೊಟ್ಟೆ. ಕೆಟ್ಟ ಮಾಲು, ಯಾರೂ ತಗೋಬೇಡಿ ಅಂತ ಬರೆದೆ.

ವಿಶಾಲಮ್ಮ: ಹೊರಡ್ವಾಗ ಭಾರ ಕಮ್ಮಿ ಅಂತ ಗೊತ್ತಾಗ್ಲಿಲ್ವಾ?

ಮಂಜುನಾಥಪ್ಪ: ಮೈ ಹಗುರ ಅನ್ನಿಸ್ತು. ಟ್ರೈನಿಂಗ್ ಹತ್ತಿದೆ ಅಂದ್ಕೊಂಡೆ.

(ವಿಶಾಲಮ್ಮ ಸೆರಗು ಬಾಯಿಗೆ ಅಡ್ಡ ಹಿಡಿದುಕೊಂಡು ಗೋಡೆಯ ಕಡೆ ತಿರುಗಿದರು. ಅಷ್ಟರಲ್ಲಿ ಗೇಟಿನ ಸದ್ದು. ದುಗ್ಗಪ್ಪ ಒಳಗೆ ಬಂದ. ತಂಗಿಯ ಕಡೆ ನೋಡಲು ಧೈರ್ಯವಾಗದೆ, ನೀರು ಸೋರುವ ಮಾಡನ್ನು ಪರೀಕ್ಷಿಸುವವನ ಹಾಗೆ ಮೇಲೆ ನೋಡುತ್ತ ನಿಂತ. ಕೈಯಲ್ಲಿ ಬಾಟಲಿಗಳ ಬೆಲ್ಟು.)

ದುಗ್ಗಪ್ಪ: ಭಾವ, ಇದನ್ನ ನಮ್ಮ ಜಗಲೀಲೇ ಬಿಟ್ಟು ಬಂದಿದ್ರಿ. ಕೊಟ್ಟು ಹೋಗಾಣ ಅಂತ ಬಂದೆ. ಬೇರೆ ಎಂತಕ್ಕೂ ಅಲ್ಲ.

ವಿಶಾಲಮ್ಮ: ಬೇರೆ ಎಂತಕ್ಕೂ ಅಲ್ಲ ಅಂತಾನೆ ನೋಡಿ. ವಾಟ್ಸಾಪಲ್ಲೇ ಕಳಿಸಬಹುದಿತ್ತು ಅಂತ ಹೇಳಿ ಅವನಿಗೆ.

ದುಗ್ಗಪ್ಪ: ಭಾವ, ಬೆಲ್ಟು ವಾಟ್ಸಾಪಲ್ಲಿ ಹೋಗಲ್ಲ ಅಂತ ಹೇಳಿ ಅವಳಿಗೆ.

ಮಂಜುನಾಥಪ್ಪ: ಇಬ್ಬರಿಗೂ ಕಿವಿ ಕೇಳತ್ತಲ್ಲ, ನಾನ್ಯಾಕೆ ನಡುವೆ? ಭಾವ, ಆ ಬಾಟ್ಲಿ ಗುಜರಿಗೆ ಹಾಕಿ. ಸೋರ್ತವೆ.

ದುಗ್ಗಪ್ಪ: ಎಲ್ಲಿ ಸೋರ್ತವೆ? ನಮ್ಮನೆಯವ್ರು ನಾಲ್ಕಕ್ಕೂ ಮಜ್ಜಿಗೆ ತುಂಬಿ ಕಳ್ಸಿದಾರೆ. ಬೈಕಿನ ಹ್ಯಾಂಡಲ್ಲಿಗೆ ತಲೆಕೆಳಗೆ ನೇತು ಹಾಕ್ಕೊಂಡು ಬಂದೀನಿ. ಒಂದು ಹನಿ ಚೆಲ್ಲಿಲ್ಲ.

(ಇದು ಮಂಜುನಾಥಪ್ಪನವರ ವೃತ್ತಿಯ ಪ್ರಶ್ನೆ. ಅವರು ಒಂದೊಂದೇ ಬಾಟಲಿಯನ್ನು ತಲೆಕೆಳಗು ಮಾಡಿದರು, ಅಲ್ಲಾಡಿಸಿದರು, ಹಿಂಡಿದರು, ತಳಕ್ಕೆ ಬೆರಳು ಒತ್ತಿ ನೋಡಿದರು. ಎಲ್ಲ ಗಟ್ಟಿ. ಆಮೇಲೆ ನಿಧಾನವಾಗಿ ಹೆಂಡತಿಯ ಕಡೆ ತಿರುಗಿದರು.)

ಮಂಜುನಾಥಪ್ಪ: ಬೆಳಿಗ್ಗೆ ಬಾಟ್ಲಿಗೆ ನೀರು ತುಂಬಿದ್ದು ಯಾರು?

ವಿಶಾಲಮ್ಮ: ದಿನಾ ಯಾರು ತುಂಬ್ತಾರೋ ಅವ್ರೇ.

ಮಂಜುನಾಥಪ್ಪ: ನಾಲ್ಕೂ ತುಂಬಿದ್ಯಾ?

ವಿಶಾಲಮ್ಮ: ಎರಡು ತುಂಬಿದೆ. ಎರಡು... ಮರ್ತು ಹೋಯ್ತು.

ಮಂಜುನಾಥಪ್ಪ: ಮರ್ತು ಹೋಯ್ತಾ? ಮುಚ್ಚಳ ಮಾತ್ರ ಬಿಗಿಯಾಗಿ ಹಾಕಿತ್ತು!

ವಿಶಾಲಮ್ಮ: ಹೌದು, ನಾನೇ ಮಾಡಿದ್ದು. ಎಂತ ಮಾಡ್ತೀರಿ ಈಗ? ಆ ಫೋನು ಕೂಗಿದಾಗೆಲ್ಲ ನೀವು ಬಾಯಾರದಿದ್ರೂ ಕುಡೀತೀರಿ. ಎರಡು ಬಾಟ್ಲಿ ಎಲ್ಲಿಗೆ ಮುಗಿಯತ್ತೆ ಅಂತ ಲೆಕ್ಕ ಹಾಕೋಕೆ ಮ್ಯಾರಥಾನ್ ಓಡಬೇಕಾಗಿಲ್ಲ. ಎರಡು ವರ್ಷ ಆಯ್ತು ನಾನು ಅಣ್ಣನ ಹತ್ರ ಮಾತಾಡಿ. ಹಬ್ಬ ಬಂದ್ರೆ ಗಂಟಲಲ್ಲಿ ತುತ್ತು ಇಳಿಯಲ್ಲ. ನಾನಾಗೇ ಹೋಗಿ ಸೋಲಬೇಕಾ?

ಮಂಜುನಾಥಪ್ಪ: ಅದಕ್ಕೆ ನಾನು ಸಾಯಬೇಕಾ?

ವಿಶಾಲಮ್ಮ: ಸಾಯೋದೆಲ್ಲಿ ಬಂತು, ಗೇಟು ಪಕ್ಕದಲ್ಲೇ ಇತ್ತಲ್ಲ!

(ದುಗ್ಗಪ್ಪ ಮೇಲೆ ಮಾಡಿನ ಕಡೆ ನೋಡುವುದನ್ನು ಬಿಟ್ಟ.)

ದುಗ್ಗಪ್ಪ: ಅಯ್ಯೋ ವಿಶಾಲ, ಇದನ್ನ ಒಂದು ತಿಂಗಳು ಮೊದ್ಲೇ ಮಾಡಬಾರದಿತ್ತಾ? ಪ್ರತಿ ಭಾನುವಾರ ಅಮ್ಮನ ತಾಮ್ರದ ಚೊಂಬು ಹಿಡ್ಕೊಂಡು ಗೇಟಲ್ಲಿ ನಿಲ್ತಿದ್ದೆ. ಈ ಮನುಷ್ಯ ಸೊಂಟಕ್ಕೆ ಬಾವಿ ಕಟ್ಕೊಂಡೋರ ಹಂಗೆ ಕೈ ಬೀಸಿ ಓಡೇ ಹೋಗ್ತಿದ್ರು!

ಮಂಜುನಾಥಪ್ಪ: ನೀವು ದಾಸವಾಳಕ್ಕೆ ನೀರು ಹಾಕ್ತಿದ್ದೀರಿ ಅಂದ್ಕೊಂಡಿದ್ದೆ!

ದುಗ್ಗಪ್ಪ: ಹಾಕ್ತಿದ್ದೆ. ಚೊಂಬು ವಾಪಸು ಒಯ್ದರೆ ಇವಳ ಅತ್ತಿಗೆ ನಗ್ತಿದ್ರು. ಆ ಗಿಡ ಕೊಳೆತು ಹೋಯ್ತು.

(ವಿಶಾಲಮ್ಮ ಒಳಗೆ ಹೋಗಿ ಚೊಂಬಿನಲ್ಲಿ ನೀರು, ತಟ್ಟೆಯಲ್ಲಿ ಬೆಲ್ಲ ತಂದು ಅಣ್ಣನ ಮುಂದೆ ಇಟ್ಟರು. ದುಗ್ಗಪ್ಪ ಒಂದೇ ಉಸಿರಿಗೆ ಕುಡಿದ. ಕಣ್ಣು ಒರೆಸಿಕೊಂಡದ್ದು ಮಾತ್ರ ಇಬ್ಬರೂ.)

ವಿಶಾಲಮ್ಮ: ಕೋಪ ಹೋಗಿಲ್ಲ ನನಗೆ. ಊಟ ಮಾಡ್ಕೊಂಡು ಹೋಗು.

ಮಂಜುನಾಥಪ್ಪ: ಒಂದು ಮಾತು ಹೇಳು. ನೀನೇ ಕಳಿಸಿದ ಮೇಲೆ, ಬಂದಾಗಿಂದ ನನಗೆ ಬೈದಿದ್ದು ಎಂತಕ್ಕೆ?

ವಿಶಾಲಮ್ಮ: ಬೈಯದಿದ್ರೆ ನಾನೇ ಕಳಿಸಿದ್ದು ಅಂತ ನಿಮಗೆ ಗೊತ್ತಾಗ್ತಿರ್ಲಿಲ್ವಾ?

ಮಂಜುನಾಥಪ್ಪ: ಭೇಷ್! ನನ್ನ ತರಬೇತಿ ಹಾಳಾಯ್ತು, ಕಾಲು ಹೋಯ್ತು, ಪಾಪದ ಕಂಪನಿಗೆ ಒಂದು ಸ್ಟಾರ್ ಬಿತ್ತು. ನಿಮ್ಮ ಜಗಳ ಮುಗೀತು. ಇನ್ನಾದ್ರೂ ನೆಮ್ಮದಿಯಾಗಿ ಓಡ್ತೀನಿ.

ವಿಶಾಲಮ್ಮ: ಓಡಿ, ಯಾರು ಬೇಡ ಅಂದ್ರು? ಮುಂದಿನ ಭಾನುವಾರ ಮಂಡಗದ್ದೆ ಕಡೆ ಓಡಿ. ಹೊಳೆ ಬದಿ ರಸ್ತೆ, ಹಕ್ಕಿ ಎಲ್ಲ ಕಾಣ್ತವೆ.

(ಮಂಜುನಾಥಪ್ಪನವರು ಬಕೆಟ್ಟಿನಿಂದ ಕಾಲು ತೆಗೆದರು.)

ಮಂಜುನಾಥಪ್ಪ: ಮಂಡಗದ್ದೇಲಿ ಯಾರಿದಾರೆ?

ದುಗ್ಗಪ್ಪ: ಕನ್ನಮ್ಮ ಚಿಕ್ಕಮ್ಮ ಇದಾರಲ್ಲ ಭಾವ. ಮಗಳ ಮದುವೇಲಿ ಇವಳಿಗೆ ಕೊಟ್ಟ ಸೀರೆ ಹಳೇದು ಅಂತ ಇಬ್ಬರೂ ಮಾತು ಬಿಟ್ಟು ಕಾಲ ಆಯ್ತು.

ಮಂಜುನಾಥಪ್ಪ: ಮಂಡಗದ್ದೆ ಹಾಫ್ ಮ್ಯಾರಥಾನಿಗಿಂತ ದೂರ ಮಾರಾಯ್ತಿ! ಅಲ್ಲಿ ತನಕ ಓಡೋಕೆ ನನ್ನ ಕೈಲಿ ಆಗಲ್ಲ.

ವಿಶಾಲಮ್ಮ: ಆಗತ್ತೆ ರೀ. ಬಾಟ್ಲಿ ನಾನೇ ತುಂಬಿ ಕೊಡ್ತೀನಿ.