ಗಜೇಂದ್ರಗಡಕ್ಕೆ ಬರ್ಫ ಬಂದ ದಿನ

ಗವಿಸಿದ್ದಪ್ಪನ ಫಜೀತಿಗೆಲ್ಲ ಕಾರಣ ಅಡಿಕೆಯಷ್ಟು ಗಾತ್ರದ ಒಂದು ಬರ್ಫದ, ಎಂದರೆ ಮಂಜುಗಡ್ಡೆಯ ಚೂರು. ಗದಗಿನ ದವಾಖಾನೆಯಲ್ಲಿ ನರ್ಸಮ್ಮ ಅದನ್ನು ಅವನ ನಾಲಿಗೆಯ ಮೇಲೆ ಇಟ್ಟಿರದಿದ್ದರೆ, ಅವನು ಊರಿಗೆ ಬಂದು ಗಂಜಿ ಕುಡಿದುಕೊಂಡು, ನರಳಿಕೊಂಡು, ಹತ್ತು ದಿನಕ್ಕೆ ಎದ್ದು ಮಗ್ಗಕ್ಕೆ ಕೂಡುತ್ತಿದ್ದ. ಯಾರಿಗೂ ಏನೂ ಗೊತ್ತಾಗುತ್ತಿರಲಿಲ್ಲ.

ನಲವತ್ತೆರಡನೆಯ ವಯಸ್ಸಿನಲ್ಲಿ ಟಾನ್ಸಿಲ್ ಕೊಯ್ಸಿಕೊಳ್ಳುವುದೆಂದರೆ ಗಜೇಂದ್ರಗಡದ ನೇಕಾರರ ಓಣಿಗೆ ನಗೆಯ ಮಾತು. ಅದು ಸಣ್ಣ ಹುಡುಗರ ಬೇನೆ. ಆದರೆ ಗವಿಸಿದ್ದಪ್ಪನ ಗಂಟಲು ವರ್ಷಕ್ಕೆ ಆರು ಸಲ ಬಾತುಕೊಳ್ಳುತ್ತಿತ್ತು. ಸಾಲದ್ದಕ್ಕೆ ಮೂಗಿನಲ್ಲಿ ಮಾಂಸ ಬೆಳೆದು ಉಸಿರಿನ ದಾರಿಯೇ ಕಟ್ಟಿಹೋಗಿತ್ತು. ಹಗಲೆಲ್ಲ ಬಾಯಿ ತೆರೆದುಕೊಂಡೇ ಸೀರೆ ನೇಯುತ್ತಿದ್ದ. ಏಕೀಕರಣವಾದ ಮರುವರ್ಷದ ಬೇಸಿಗೆಯಲ್ಲಿ ಅವನ ಹೆಂಡತಿ ಅನ್ನವ್ವ ಹಟ ಹಿಡಿದು ಅವನನ್ನು ಗದಗಿನ ಮೋಟಾರು ಹತ್ತಿಸಿದಳು.

"ಗಂಟಲಾ, ಮೂಗು ಎರಡೂ ಒಮ್ಮೆಲೆ ಮುಗಿಸಿಬಿಡೂಣು," ಎಂದರು ಡಾಕ್ಟರು. ಹಣೆಗೆ ದುಂಡು ಕನ್ನಡಿ ಕಟ್ಟಿಕೊಂಡು, ಅವನನ್ನು ಕುರ್ಚಿಯಲ್ಲಿ ಕೂಡಿಸಿ, ಒಳಗೆ ಏನೇನು ಬೇಡವಾಗಿತ್ತೋ ಎಲ್ಲ ತೆಗೆದರು. ಸಂಜೆಯ ಹೊತ್ತಿಗೆ ಅವನ ಗಂಟಲಿನಲ್ಲಿ ಕೆಂಡ ಇಟ್ಟಂತಾಗಿತ್ತು. ಉಗುಳು ನುಂಗಿದರೆ ಕಣ್ಣಿಗೆ ಕತ್ತಲೆ ಬರುತ್ತಿತ್ತು. ಆಗ ಬಂತು ನರ್ಸಮ್ಮನ ಕೈಯಿಂದ ಆ ಚೂರು.

ಅದು ನಾಲಿಗೆಯ ಮೇಲೆ ಕರಗಿ ಒಳಗಿಳಿಯಿತು. ಉರಿ ನಿಂತಿತು. ಕಡಿಮೆಯಾದದ್ದಲ್ಲ, ನಿಂತೇ ಬಿಟ್ಟಿತು. ಗವಿಸಿದ್ದಪ್ಪ ಹಾಗೇ ಗೋಡೆ ನೋಡುತ್ತ ಕೂತ. ಇಂಥದೊಂದು ವಸ್ತು ಲೋಕದಲ್ಲಿ ಇದ್ದೂ ತಾನು ನಲವತ್ತೆರಡು ವರ್ಷ ಸುಮ್ಮನೆ ಬದುಕಿದೆನಲ್ಲ ಎಂದು ಅವನಿಗೆ ಬೆರಗಾಯಿತು.

ಮನೆಗೆ ಕಳಿಸುವಾಗ ಡಾಕ್ಟರು ಅನ್ನವ್ವನಿಗೆ ಎರಡೇ ಮಾತು ಹೇಳಿದ್ದರು. "ಹತ್ತು ದಿನಾ ಇವ್ರು ಮಾತಾಡಬಾರ್ದು, ಮಾತಾಡಿದ್ರ ರಕ್ತ ಒಡೀತೈತಿ. ಗಂಟಲಾ ಉರದ್ರ ಬರ್ಫ ಕೊಡ್ರಿ."

ಮೊದಲನೆಯದನ್ನು ಪಾಲಿಸುವುದು ಸುಲಭವಿತ್ತು. ಮೂಗಿನಲ್ಲಿ ಅರಳೆ ತುರುಕಿ, ಗಂಟಲು ಕೊಯ್ದ ಮೇಲೆ ಅವನು ಬಾಯಿ ಬಿಟ್ಟರೆ ಬರುತ್ತಿದ್ದದ್ದು ಎಮ್ಮೆ ಕರು ಕೂಗಿದಂಥ ಒಂದು ಸದ್ದು. ಎರಡನೆಯದು ಮಾತ್ರ ಕಷ್ಟ. ಗಜೇಂದ್ರಗಡದಲ್ಲಿ ಬರ್ಫವನ್ನು ಕಂಡವರೇ ಇರಲಿಲ್ಲ. ನಾಲ್ಕು ದಿನ ಉಗುರುಬೆಚ್ಚಗಿನ ಗಂಜಿಯಲ್ಲಿ ಕಳೆಯಿತು. ಪ್ರತಿ ಗುಟುಕಿಗೂ ಗವಿಸಿದ್ದಪ್ಪ ಕಂಬ ಹಿಡಿದುಕೊಳ್ಳುತ್ತಿದ್ದ. ಅವನ ಸಂಕಟ ನೋಡಲಾರದೆ ಅನ್ನವ್ವ ಗದಗಿನ ಮೋಟಾರು ಓಡಿಸುವ ಗೌಸುಸಾಬನಿಗೆ ಹೇಳಿ ಕಳಿಸಿದಳು. ಐದನೆಯ ದಿನ ಬೆಳಗಿನಿಂದ ಗವಿಸಿದ್ದಪ್ಪ ಹೊಸಿಲ ಮೇಲೆ ಕೂತು ಮೋಟಾರಿನ ಹಾರನ್ನಿಗೆ ಕಿವಿಗೊಟ್ಟಿದ್ದ.

ಹನ್ನೊಂದಕ್ಕೆ ಗೌಸುಸಾಬ ಹೆಗಲ ಮೇಲೆ ಗೋಣಿಚೀಲ ಹೊತ್ತು ಓಣಿಯೊಳಗೆ ಓಡುತ್ತ ಬಂದ. ಚೀಲದಿಂದ ನೀರು ಇಳಿದು ಅವನ ಅಂಗಿ ಅರ್ಧ ತೊಯ್ದಿತ್ತು.

"ಅನ್ನವ್ವಕ್ಕಾ, ಲಗೂ ಹಿಡೀರಿ! ಗದಗಿನಾಗ ಹತ್ತಿಸಿದಾಗ ದೊಡ್ಡ ಕುಂಬಳಕಾಯಿ ಇತ್ತು. ರೋಣದಾಗ ಮೋಟಾರ ನಿಂತ್ರ ಮಂದಿ ಎಲ್ಲಾ ಚೀಲಾ ಮುಟ್ಟಿ ನೋಡಾಕ ಹತ್ತಿದ್ರು. ಈಗ ತೆಂಗಿನಕಾಯಿ ಉಳದೈತಿ. ಕೊಟ್ಟಬಿಡ್ರಿ ಅವ್ರಿಗೆ, ಕರಗತೈತಿ!"

ಇಷ್ಟು ಹೇಳಿ ಅವನು ಬಂದ ಹಾಗೇ ಓಡಿದ. ಮೋಟಾರಿನಲ್ಲಿ ಜನ ಕಾಯುತ್ತಿದ್ದರು.

ಚೀಲ ಒಳಗೆ ಬರುವುದಕ್ಕಿಂತ ಮೊದಲೇ ಪಕ್ಕದ ಮನೆಯ ಹೊಳಿಯಪ್ಪ ಒಳಗೆ ಬಂದಿದ್ದ. ಹೊಳಿಯಪ್ಪ ಓಣಿಯ ಹಿರಿಯ, ತಿಳಿದವ, ಚಾಳೀಸು ಕನ್ನಡಕ ಹಾಕಿಕೊಂಡು ದಿನಾ ಚಹಾದ ಅಂಗಡಿಯಲ್ಲಿ ಪೇಪರು ಹಿಡಿದು ಕೂಡುವವ. ಅವನಿಗೆ ಓದಲು ಬರುವುದಿಲ್ಲ ಎಂಬುದು ಇಡೀ ಗಜೇಂದ್ರಗಡದಲ್ಲಿ ಗವಿಸಿದ್ದಪ್ಪನೊಬ್ಬನಿಗೇ ಗೊತ್ತು. ಮುಂಬಯಿಯ ಗಿರಣಿಯಲ್ಲಿದ್ದ ಮಗನ ಕಾಗದ ಬಂದಾಗಲೆಲ್ಲ ಹೊಳಿಯಪ್ಪ ಬಾಗಿಲು ಮುಚ್ಚಿಕೊಂಡು ಗವಿಸಿದ್ದಪ್ಪನಿಂದ ಓದಿಸಿಕೊಂಡು ಹೋಗುತ್ತಿದ್ದ. ಹಿರಿಯನ ಮಾನ ಉಳಿಯಲೆಂದು ಗವಿಸಿದ್ದಪ್ಪ ಹೆಂಡತಿಗೂ ಅದನ್ನು ಹೇಳಿರಲಿಲ್ಲ.

"ಹಂಗ ಬಾಯಾಗ ಹಾಕಬ್ಯಾಡ್ರಿ. ಕಟ್ಟಿಗಿ ಹೊಟ್ಟು ಹತ್ತೇತಿ, ತೊಳೀಬೇಕು," ಎಂದ ಹೊಳಿಯಪ್ಪ, ಚೀಲ ಬಿಚ್ಚಿ ಬರ್ಫವನ್ನು ಹಿತ್ತಾಳೆಯ ಅಗಲ ತಟ್ಟೆ, ಪರಾತಕ್ಕೆ ಇಳಿಸುತ್ತ. ಇಳಿಸಿದವನೇ ಕೈ ಝಾಡಿಸಿಕೊಂಡ. "ಅಯ್ಯಯ್ಯ, ಕಡೀತು!"

ಅವನ ಕೂಗಿಗೆ ಓಣಿಯ ಹೆಂಗಸರೆಲ್ಲ ಬಂದರು. ಅಂದು ಸಂತೆ. ಗಂಡಸರು ಸೀರೆ ಮಾರಲು ಹೋಗಿದ್ದರು, ಮಕ್ಕಳು ಶಾಲೆಯಲ್ಲಿದ್ದರು. ಗಳಿಗೆಯೊಳಗೆ ಪಡಸಾಲೆ ತುಂಬಿತು.

ಗವಿಸಿದ್ದಪ್ಪ ಮಾತಿನ ಬದಲು ಬರೆಯಲೆಂದು ಇಟ್ಟುಕೊಂಡಿದ್ದ ಪಾಟಿ ಎತ್ತಿಕೊಂಡು ದೊಡ್ಡ ಅಕ್ಷರದಲ್ಲಿ ಬರೆದ: "ಬಾಗಲಾ ಹಾಕ್ರಿ." ಅನ್ನವ್ವನಿಗೆ ಅಕ್ಷರ ಬಾರದು. ಅವಳು ಪಾಟಿಯನ್ನು ಹೊಳಿಯಪ್ಪನ ಕೈಗೆ ಕೊಟ್ಟಳು.

ಹೊಳಿಯಪ್ಪ ಚಾಳೀಸು ಸರಿಮಾಡಿಕೊಂಡ, ಕೆಮ್ಮಿದ, ಗವಿಸಿದ್ದಪ್ಪನ ಮುಖ ನೋಡಿದ. "ಬಾಗಲಾ ಪೂರಾ ತಗೀರಿ, ಎಲ್ಲಾರೂ ನೋಡ್ಲಿ, ಅಂತ ಬರದಾನ."

"ಎಂಥಾ ದೊಡ್ಡ ಮನಸ್ಸರಿ ಅವ್ರದು!" ಎಂದರು ಹೆಂಗಸರು. ಇನ್ನೊಂದು ಕದವೂ ತೆರೆಯಿತು. ಗವಿಸಿದ್ದಪ್ಪ ಅಲ್ಲವೆಂದು ಕೈ ಬೀಸಿದ್ದನ್ನು ಅವರು ಒಳಗೆ ಕರೆದದ್ದೆಂದೇ ತಿಳಿದರು.

ಮೇಲಿನ ಬೆಳಕಿಂಡಿಯಿಂದ ಬಿಸಿಲು ನೆಟ್ಟಗೆ ಪರಾತದ ಮೇಲೆ ಬಿತ್ತು. ಬರ್ಫ ಒಳಗಿನಿಂದ ಹೊತ್ತಿಕೊಂಡಂತೆ ಬೆಳಗಿತು. ಅದರ ಹೊಟ್ಟೆಯಲ್ಲಿ ಸಣ್ಣ ಸಣ್ಣ ಗುಳ್ಳೆಗಳು ನಿಂತಲ್ಲೇ ನಿಂತಿದ್ದವು. ತೊಲೆಯ ಮೇಲೆ, ಮಗ್ಗಕ್ಕೆ ಬಿಗಿದ ನೂಲಿನ ಹಾಸಿನ ಮೇಲೆ, ಹೆಂಗಸರ ಮುಖಗಳ ಮೇಲೆ ಬಣ್ಣ ಬಣ್ಣದ ಬೆಳಕು ಅಲುಗಾಡಿತು. ನೂರು ಬಣ್ಣದ ನೂಲು ಕಂಡ ಮನೆ ಅದು, ಅಂಥ ಬಣ್ಣ ಮಾತ್ರ ಅಲ್ಲಿ ಯಾರೂ ನೇಯ್ದಿರಲಿಲ್ಲ.

ಗವಿಸಿದ್ದಪ್ಪ ಉಗುಳು ನುಂಗಿ, ಕಂಬ ಹಿಡಿದು, ಚೇತರಿಸಿಕೊಂಡು ಎರಡನೆಯ ಸಲ ಬರೆದ: "ಮೊದಲ ನನಗ ಕೊಡ್ರಿ. ಉರಿ ತಡಿಯಾಕ ಆಗವಲ್ದು."

"ಮೊದಲ ವಯಸ್ಸಾದವ್ರ ಕೈಯಾಗ ಕೊಡ್ರಿ, ಅಂತಾನ," ಎಂದು ಓದಿದ ಹೊಳಿಯಪ್ಪ. ಈ ಸಲ ಅವನಿಗೆ ಕೆಮ್ಮು ಕೂಡ ಬೇಕಾಗಲಿಲ್ಲ.

ಅನ್ನವ್ವನ ಕಣ್ಣು ತುಂಬಿತು. ಬರ್ಫ ಒಡೆಯಲೆಂದು ತಂದಿದ್ದ ಕಲ್ಲುಗುಂಡನ್ನು ಕೆಳಗಿಟ್ಟು, ಪರಾತವನ್ನು ಶಂಕ್ರವ್ವನ ಮುಂದೆ ಸರಿಸಿದಳು. ಎಂಬತ್ತು ದಾಟಿದ ಶಂಕ್ರವ್ವ ಓಣಿಗೆಲ್ಲ ಅಜ್ಜಿ. ಅವಳು ಬರ್ಫವನ್ನು ಬೊಗಸೆಯಲ್ಲಿ ಎತ್ತಿಕೊಂಡಳು. ಹೊಳಿಯಪ್ಪನಂತೆ ಅವಳು ಕೈ ಝಾಡಿಸಿ ಬಿಡಲಿಲ್ಲ. ಬೆರಳ ಸಂದಿಯಿಂದ ನೀರು ಇಳಿದು ಮೊಣಕೈಯವರೆಗೆ ಹರಿಯಿತು.

"ನೀರಽ ಏನ ಇದು?" ಎಂದು ಕೇಳಿದಳು.

"ನೀರಽ ಅಜ್ಜೀ," ಎಂದಳು ಅನ್ನವ್ವ.

"ನನ್ನ ತವರ ಹೊಳೆಮಣ್ಣೂರ. ಹೊಳಿ ಮನ್ಯಾಗ ಹೊಕ್ಕು ನಮ್ಮ ಆಕಳಾ, ಕಾಳಿನ ಹಗೇವು, ನನ್ನ ತಮ್ಮನ್ನ ಎಲ್ಲಾ ಒಯ್ದದ್ದ ಕಂಡೇನಿ. ನೀರು ಮನಷ್ಯಾನ್ನ ಹಿಡಿಯೂದ ಕಂಡಿದ್ದೆ. ಮನಷ್ಯಾ ನೀರು ಹಿಡಿಯೂದ ಇವತ್ತ ಕಂಡೆ."

ಅವಳು ಬರ್ಫವನ್ನು ಕಣ್ಣಿಗೆ ಒತ್ತಿಕೊಂಡಳು. ಒಂದು ಗಳಿಗೆ ಗವಿಸಿದ್ದಪ್ಪನೂ ತನ್ನ ಉರಿಯನ್ನು ಮರೆತೇಬಿಟ್ಟ. ಬರ್ಫ ಮರಳಿ ಪರಾತಕ್ಕೆ ಬಂದಾಗ ಮೋಸಂಬಿಯಷ್ಟಾಗಿತ್ತು. ಆಗ ಅವನಿಗೆ ಉರಿ ಚೆನ್ನಾಗಿ ನೆನಪಾಯಿತು.

ಅಷ್ಟರಲ್ಲಿ ಓಣಿಯ ಪೂಜೆ, ಪುರಾಣ ನಡೆಸುವ ಅಯ್ಯನವರು ಬಸಯ್ಯ ಕೋಲು ಊರಿಕೊಂಡು ಬಂದರು. ಎರಡು ವರ್ಷದಿಂದ ಅವರ ಕಣ್ಣಿಗೆ ಪೊರೆ ಬಂದು ಬೆಳಕು, ನೆರಳು ಎರಡೇ ಕಾಣುತ್ತಿದ್ದವು. ಬೆರಳ ತುದಿಯಿಂದ ಬರ್ಫವನ್ನು ಮುಟ್ಟಿದರು. ಮುಟ್ಟಿದವರು ಕೈ ತೆಗೆಯಲಿಲ್ಲ.

"ಇದು ಕೈಲಾಸದಾಗಿಂದೈತಿ," ಎಂದರು ಮೆಲ್ಲಗೆ. "ಪರಮೇಶ್ವರ ಕೂಡೂ ಗುಡ್ಡ ಪೂರಾ ಇದರದಽ. ಪುರಾಣದಾಗ ನಾನಽ ನೂರ ಸಲ ಹೇಳೇನಿ. ಹೇಳಾವ್ರಿಗೆ ಏನ ಗೊತ್ತಿರತೈತಿ? ಇವತ್ತ ತಿಳೀತು ನೋಡ್ರಿ, ಅಂವಾ ಎಷ್ಟ ಥಂಡ್ಯಾಗ ಕುಂತಾನ ಅಂತ."

"ಅಯ್ಯನವ್ರಽ, ಕರಗತೈತಿ ಅಂತಂದಿದ್ದ ಗೌಸುಸಾಬ," ಎಂದಳು ಅನ್ನವ್ವ, ಅಳುಕುತ್ತ.

"ಕಲ್ಲಿನಂಗ ಗಟ್ಟಿ ಐತಿ, ಏನ ಕರಗತೈತಿ!" ಎಂದ ಹೊಳಿಯಪ್ಪ, ನೀರಿನಲ್ಲಿ ಕಾಲಿಟ್ಟುಕೊಂಡು.

ಗವಿಸಿದ್ದಪ್ಪನಿಗೆ ಇನ್ನು ತಾಳಲಾಗಲಿಲ್ಲ. ಇಪ್ಪತ್ತು ವರ್ಷ ಕಾಪಾಡಿದ ಗುಟ್ಟನ್ನು ಒಂದೇ ಏಟಿಗೆ ಹೊರಗೆಡಹಲು ನಿಶ್ಚಯಿಸಿದ. ಬಳಪ ಮುರಿಯುವಂತೆ ಒತ್ತಿ ಬರೆದ: "ಹೊಳಿಯಪ್ಪಗ ಓದಾಕ ಬರೂದಿಲ್ಲ." ಬರೆದು ಪಾಟಿಯನ್ನು ತಲೆಯ ಮೇಲೆ ಎತ್ತಿ ಹಿಡಿದು ಎಲ್ಲರಿಗೂ ತೋರಿಸಿದ. ಹೆಂಗಸರೆಲ್ಲ ಪಾಟಿಯನ್ನು ಭಕ್ತಿಯಿಂದ ನೋಡಿದರು, ಬಸಯ್ಯನವರೂ ಆ ಕಡೆ ಮುಖ ಮಾಡಿದರು. ಆಮೇಲೆ ಎಲ್ಲರೂ ಒಟ್ಟಿಗೆ ಹೊಳಿಯಪ್ಪನ ಕಡೆ ತಿರುಗಿದರು.

"ಓದ್ರಿ ಕಾಕಾ!"

ಹೊಳಿಯಪ್ಪ ಓದಿದ. "ಅಯ್ಯನವ್ರ ಕೈಲೆ ಪೂಜಿ ಆಗ್ಲಿ, ಅಂತ. ಭಾಳ ಒತ್ತಿ ಬರದಾನ ನೋಡ್ರಿ, ಭಕ್ತಿಗೆ."

ಗವಿಸಿದ್ದಪ್ಪ ಪಾಟಿ ಕೆಳಗಿಟ್ಟು ಕೂತುಬಿಟ್ಟ. ಓಣಿಯಲ್ಲಿ ಅಕ್ಷರ ಬಲ್ಲವನು ತಾನೊಬ್ಬನೇ ಉಳಿದಾಗ ಬರೆಯುವುದಕ್ಕೂ ಮೂಕನಾಗಿರುವುದಕ್ಕೂ ಏನೂ ಫರಕು ಇಲ್ಲ ಎಂಬುದು ಅವನಿಗೆ ಅಂದು ತಿಳಿಯಿತು.

ಪೂಜೆ ಸಾಂಗವಾಗಿ ನಡೆಯಿತು. ಬಸಯ್ಯನವರು ವಿಭೂತಿ ಹಚ್ಚಿದರು, ಪತ್ರಿ ಏರಿಸಿದರು, ಮಂತ್ರದ ಒಂದಕ್ಷರವನ್ನೂ ಬಿಡಲಿಲ್ಲ. ಹೆಂಗಸರು ಐದು ಬತ್ತಿಯ ಆರತಿ ಹಚ್ಚಿ ಬರ್ಫಕ್ಕೆ ತೀರ ಹತ್ತಿರದಿಂದ ಬೆಳಗಿದರು. ಒಂದೊಂದು ಸುತ್ತಿಗೂ ಗವಿಸಿದ್ದಪ್ಪ ಕಣ್ಣು ಮುಚ್ಚಿಕೊಳ್ಳುತ್ತಿದ್ದ. ಅವನ ಭಕ್ತಿ ಕಂಡು ಅವರು ಇನ್ನೂ ಎರಡು ಸುತ್ತು ಹೆಚ್ಚು ಬೆಳಗಿದರು. ಪರಾತದಲ್ಲಿ ನಿಂತ ನೀರು ತೀರ್ಥವಾಯಿತು. ಒಬ್ಬಳು ಬಸುರಿ ಸೊಸೆಗೆ ಒಯ್ದಳು, ಒಬ್ಬಳು ಹಾಲು ಕೊಡದ ಎಮ್ಮೆಗೆ. ಗವಿಸಿದ್ದಪ್ಪ ಬೊಗಸೆ ಚಾಚಿದರೆ, "ಮನಿಯವ್ರು ಕಡೀಕ ತಗೋಬೇಕು," ಎಂದು ಹೊಳಿಯಪ್ಪ ತಾನು ಕುಡಿದ. ಕಡೆಗೆ ಉಳಿದದ್ದು ಒಂದು ನಿಂಬೆಹಣ್ಣಿನಷ್ಟು.

"ಇಷ್ಟ ನಾ ಸಂತ್ಯಾಗ ಒಯ್ದು ಗಂಡಸರಿಗೆ ತೋರಿಸಿ ಬರ್ತೇನಿ," ಎಂದು ಹೊಳಿಯಪ್ಪ ಕೈ ಹಾಕಿದ.

ಆಗ ಅನ್ನವ್ವ ಎದ್ದಳು. "ಕಾಕಾ, ಕೈ ತಗೀರಿ! ನನ್ನ ಗಂಡ ದೇವರಂಥಾವ್ರು, ಬಾಯಿ ಬಿಟ್ಟು ಕೇಳೂದಿಲ್ಲ. ಹಂಗಂತ ಅವ್ರಿಗೆ ಬ್ಯಾನಿ ಇಲ್ಲೇನು?" ಎಂದವಳೇ ಆ ಚೂರನ್ನು ಸೆರಗಿನಲ್ಲಿ ಸುತ್ತಿಕೊಂಡು ಅಡುಗೆಮನೆಗೆ ಹೋಗಿ ಕದ ಹಾಕಿಕೊಂಡಳು. ಹೊಳಿಯಪ್ಪ ಎರಡು ಹೆಜ್ಜೆ ಹಿಂದೆ ಸರಿದ.

ಗವಿಸಿದ್ದಪ್ಪ ಬೆರಗಾಗಿ ಆ ಕದವನ್ನೇ ನೋಡುತ್ತ ಕೂತ. ಇಪ್ಪತ್ತೆರಡು ವರ್ಷ ಬಾಳುವೆ ಮಾಡಿದ ಹೆಂಗಸು ಇವಳೇ ಏನು? ಇಡೀ ಓಣಿಯಲ್ಲಿ ತನ್ನ ಮನಸ್ಸನ್ನು ಅಕ್ಷರವಿಲ್ಲದೆ ಓದಿದವಳು ಇವಳೊಬ್ಬಳೇ. ಎಷ್ಟು ಸೀರೆ ನೇಯ್ದರೂ ಒಂದನ್ನೂ ಇವಳಿಗೆಂದು ಇಟ್ಟಿರಲಿಲ್ಲ. ಗುಣವಾದ ಮೇಲೆ ಮಗ್ಗದಿಂದ ಇಳಿಯುವ ಮೊದಲ ಸೀರೆ ಇವಳಿಗೇ, ಯಾರು ಕೇಳಿದರೂ ಮಾರುವುದಿಲ್ಲ ಎಂದು ಅಲ್ಲೇ ಗಟ್ಟಿಮಾಡಿಕೊಂಡ.

ಒಳಗೆ ಪಾತ್ರೆಯ ಸದ್ದಾಯಿತು. ಸ್ವಲ್ಪ ಹೊತ್ತು ಹೋಯಿತು. ಮತ್ತೂ ಸ್ವಲ್ಪ ಹೊತ್ತು ಹೋಯಿತು. ಕಡೆಗೆ ಕದ ತೆರೆದು ಅನ್ನವ್ವ ಬೆಳ್ಳಿಯ ಬಟ್ಟಲು ಹಿಡಿದು ಬಂದಳು. ಮುಖದ ಮೇಲೆ ಬೆವರು, ಬಾಯಲ್ಲಿ ನಗೆ.

"ಕಣ್ಣ ಮುಚ್ಚಿ ಬಾಯಿ ತಗೀರಿ," ಎಂದಳು.

ಗವಿಸಿದ್ದಪ್ಪ ಕಣ್ಣು ಮುಚ್ಚಿ ಬಾಯಿ ತೆರೆದ. ಬಾಗಿಲಲ್ಲಿ ಓಣಿಯೆಲ್ಲ ಉಸಿರು ಹಿಡಿದು ನಿಂತಿತು. ಅವಳು ಒಂದು ಚಮಚ ಹಾಕಿದಳು. ಅದು ಗಂಜಿಯಷ್ಟೇ ಬೆಚ್ಚಗಿತ್ತು, ಗಂಜಿಯಷ್ಟೇ ಉರಿಸುತ್ತ ಇಳಿಯಿತು.

ಅವನು ಕಣ್ಣು ಬಿಟ್ಟ.

"ಹ್ಯಾಂಗೈತ್ರಿ?" ಎಂದಳು ಅನ್ನವ್ವ. "ಹಸೀ ಗಾಯದ ಮ್ಯಾಲ ತಂಪ ಬಿದ್ರ ನಂಜ ಆಗತೈತಿ ಅಂತ ನನಗ ಗೊತ್ತಿಲ್ಲೇನು? ಡಾಕ್ಟರು ಬರ್ಫ ಕೊಡ್ರಿ ಅಂದಾರ, ತಣ್ಣಗ ಕೊಡ್ರಿ ಅಂದಿಲ್ಲ. ಅದಕ್ಕ ಚಲೋತ್ನಂಗ ಕುದಿಸಿ, ಉಗರಬೆಚ್ಚಗ ಆರಿಸಿ ತಂದೇನಿ. ಒಂದ ಹನಿ ಸೈತ ಚೆಲ್ಲಿಲ್ಲ."

ಗವಿಸಿದ್ದಪ್ಪನ ಎರಡೂ ಕಣ್ಣಿನಿಂದ ನೀರು ಇಳಿಯಿತು.

"ನೋಡ್ರವ್ವಾ, ಬರ್ಫದ ಗುಣಾ!" ಎಂದಳು ಬಾಗಿಲಲ್ಲಿದ್ದ ಶಂಕ್ರವ್ವ, ಕೈ ಮುಗಿದು. "ಒಳಗ ಮುಟ್ಟಿತು ನೋಡ್ರಿ!"

ಅನ್ನವ್ವ ಸೆರಗಿನಿಂದ ಗಂಡನ ಕಣ್ಣು ಒರೆಸಿದಳು. "ಗೌಸುಸಾಬಗ ಹೇಳೇನ್ರಿ, ನಾಳಿಂದ ದಿನಾ ಒಂದ ಗಡ್ಡಿ ತರ್ತಾನ. ಇನ್ನ ಯಾರಿಗೂ ಮುಟ್ಟಗೊಡೂದಿಲ್ಲ. ಅಷ್ಟೂ ನಿಮಗಽ ಕುದಿಸಿ ಕೊಡ್ತೇನಿ."

ಗವಿಸಿದ್ದಪ್ಪ ಒಂದು ಕೈಯಿಂದ ಕಂಬ ಹಿಡಿದುಕೊಂಡು ಎರಡನೆಯ ಚಮಚಕ್ಕೆ ಬಾಯಿ ತೆರೆದ.