ಹೆಣ್ಣು ನೋಡಲು ಹೋದ ಮೊಣಕಾಲು ಗ್ರೂಪು

ನನಗೆ ಕುಡಿಯುವ ಚಟವಿಲ್ಲ, ತಂಬಾಕು ತಿನ್ನುವುದಿಲ್ಲ, ಇಸ್ಪೀಟಿನ ಎಲೆ ಕೈಯಲ್ಲಿ ಹಿಡಿದವನಲ್ಲ. ಆದರೂ ನಾನು ಪಕ್ಕಾ ಚಟಗಾರ. ಯಾರಾದರೂ ಮುಖ ಸಪ್ಪೆ ಮಾಡಿಕೊಂಡು ಎದುರಿಗೆ ನಿಂತರೆ ಸಾಕು, ಒಂದು ಸಲಹೆ ಕೊಡದೆ ಬಿಡುವುದಿಲ್ಲ. ಉಮರ್ಗಾದ ತಹಸೀಲ್ ಕಚೇರಿಯ ಎದುರಿಗೆ ನನ್ನದೊಂದು ಝೆರಾಕ್ಸ್ ಅಂಗಡಿ ಇದೆ. ಅರ್ಜಿ ತುಂಬಿಕೊಡುವ ಕೆಲಸವೂ ಅಲ್ಲೇ. ರಹವಾಸಿ ದಾಖಲೆ, ಅಂದರೆ ವಾಸದ ಪ್ರಮಾಣಪತ್ರಕ್ಕೆಂದು ಬಂದವನಿಗೆ ಮಗಳನ್ನು ಯಾವ ಕಾಲೇಜಿಗೆ ಹಾಕಬೇಕು, ಎಮ್ಮೆಗೆ ಏನು ತಿನ್ನಿಸಬೇಕು, ಅಣ್ಣನ ಜೊತೆ ಯಾವ ಧಾಟಿಯಲ್ಲಿ ಜಗಳವಾಡಬೇಕು, ಎಲ್ಲ ಹೇಳಿ ಕಳಿಸುತ್ತೇನೆ. ಒಮ್ಮೆ ಒಬ್ಬ ಮುದುಕರು ಕೈಮುಗಿದು, "ತಮ್ಮಾ, ನೀ ಫಾರ್ಮ್ ಅಷ್ಟ ತುಂಬು. ನನ್ನ ಸಂಸಾರ ನಾ ನೋಡ್ಕೋತೀನಿ" ಎಂದರು. ಅವರಿಗೂ ಸಿಟ್ಟು ಕಡಿಮೆ ಮಾಡಿಕೊಳ್ಳುವುದು ಹೇಗೆಂದು ಹೇಳಿಯೇ ಕಳಿಸಿದೆ.

ಇಂಥ ನನಗೆ ದೇವರು ಒದಗಿಸಿಕೊಟ್ಟ ಜಾಗವೆಂದರೆ ನಮ್ಮ ಮೊಬೈಲ್ ಗ್ರೂಪು. ಉಮರ್ಗಾ, ನಿಲಂಗಾ, ಉದಗೀರ, ಮೂರೂ ಕಡೆಯವರು ಸೇರಿ ಮೂವತ್ತೊಂದು ಜನ. ಎಲ್ಲರೂ ಗಂಡಸರು, ಗಂಡಸರ ಮೇಲೆಯೇ ಮನಸ್ಸಾಗುವ ಗಂಡಸರು. ಗ್ರೂಪಿನ ಹೆಸರು ‘ಮೊಣಕಾಲು ನೋವು’. ಹೆಸರಿಡುವಾಗ ನಾನೇ ಸಲಹೆ ಕೊಟ್ಟೆ ಎಂದು ಬೇರೆ ಹೇಳಬೇಕಾಗಿಲ್ಲ. ಮೊಬೈಲು ಟೇಬಲ್ಲಿನ ಮೇಲೆ ಮಿನುಗಿದಾಗ ಪಕ್ಕದವರು ಕುತೂಹಲಪಟ್ಟು ಇಣುಕಬಾರದು ನೋಡಿ. ಇನ್ನೊಬ್ಬರ ಮೊಣಕಾಲಿನ ಬಗ್ಗೆ ಲೋಕದಲ್ಲಿ ಯಾರಿಗೂ ಕುತೂಹಲವಿಲ್ಲ. ನಮ್ಮ ಕಡೆ ತೊಂಬತ್ತಮೂರರಲ್ಲಿ ಆದ ಭೂಕಂಪಕ್ಕಿಂತ ಮೊದಲು ಹುಟ್ಟಿದವರು ಇಲ್ಲಿ ಕಾಕಾ, ಆಮೇಲೆ ಹುಟ್ಟಿದವರು ಬರೀ ಹೆಸರಿನವರು. ಹಾಗಾಗಿ ನಾನು ಕಾಕಾ.

ಗ್ರೂಪಿನಲ್ಲಿ ಏನು ಮಾತಾಡುತ್ತೀರಿ ಎಂದು ನೀವು ಕಣ್ಣು ಅಗಲ ಮಾಡಬೇಡಿ. ಯಾವ ಕಟಿಂಗ್ ಅಂಗಡಿಯವನು ಸುಮ್ಮನೆ ಹುಬ್ಬು ಸರಿಮಾಡಿ ಕಳಿಸುತ್ತಾನೆ, ತಂಗಿಯ ಮದುವೆಗೆ ಯಾವ ಬಣ್ಣದ ಕುರ್ತಾ ಒಪ್ಪುತ್ತದೆ, ಮನಸ್ಸು ಕೊಟ್ಟವನು ಎರಡು ದಿನದಿಂದ ಉತ್ತರ ಕೊಡದಿದ್ದರೆ ಎಷ್ಟು ಹೊತ್ತು ಅಳುವುದು ಯೋಗ್ಯ, ಇಂಥವೇ. ಕಳೆದ ಮಳೆಗಾಲದಲ್ಲಿ ಒಬ್ಬನಿಗೆ ಡೆಂಗಿ ಬಂದು ಆಸ್ಪತ್ರೆಯಲ್ಲಿ ಒಬ್ಬನೇ ಮಲಗಿದ್ದಾಗ, ಯೆಣೆಗೂರಿನ ಢಾಬಾದಲ್ಲಿ ಅಡುಗೆ ಮಾಡುವ ನಮ್ಮವನೊಬ್ಬ ಎಂಟು ದಿನ ಬಸ್ಸಿನ ಕಂಡಕ್ಟರನ ಕೈಯಲ್ಲಿ ಡಬ್ಬಿ ಕಳಿಸಿದ. ಮತ್ತೊಮ್ಮೆ ಯಾರದೋ ಕೈತಪ್ಪಿನಿಂದ ನಿಜವಾಗಿಯೂ ಮೊಣಕಾಲು ನೋಯುವ ಪಿಂಚಣಿದಾರರೊಬ್ಬರು ಗ್ರೂಪಿಗೆ ಬಂದುಬಿಟ್ಟರು. ಅವರಾಗಿಯೇ ಹೊರಡುವ ತನಕ ನಾಲ್ಕು ದಿನ ಮೂವತ್ತೊಂದು ಜನವೂ ಎಣ್ಣೆ, ಕಷಾಯ, ಬಿಸಿನೀರಿನ ಶಾಖ ಎಂದು ಬರೆದದ್ದೇ ಬರೆದದ್ದು. ಹೋಗುವಾಗ ಅವರು, "ಇಷ್ಟು ಪ್ರೇಮಳ ಮಂದಿ ನಾ ಎಲ್ಲೂ ನೋಡಿಲ್ರಿ" ಎಂದು ಬರೆದರು. ಆ ನಾಲ್ಕು ದಿನದ ಓದಿನಿಂದ ನಾನು ಮೊಣಕಾಲಿನ ಪಂಡಿತನಾದೆ.

ಈ ಗ್ರೂಪಿಗೆ ಒಂದು ದಿನ ಶಿವು ಬರೆದ. ಕಾಸಾರಶಿರಸಿಯಲ್ಲಿ ಅವನದು ಪಾತ್ರೆ ಅಂಗಡಿ, ವಯಸ್ಸು ಇಪ್ಪತ್ತಾರು. "ಕಾಕಾ, ಆಯತವಾರ ಉದಗೀರಕ್ಕ ಹುಡುಗಿ ನೋಡ್ಲಿಕ್ಕ ಒಯ್ಲಿಕತ್ತಾರ. ಸ್ವಾದರಮಾವ ಪಕ್ಕಾ ಮಾಡೇ ಬಿಟ್ಟಾನ. ಅವ್ವನ ಮುಂದ ಬಾಯಿ ಬಿಡ್ಲಿಕ್ಕ ಆಗವಲ್ದು. ಆ ಹುಡುಗೀನೇ ಬ್ಯಾಡ ಅನ್ನುಹಂಗ ಏನರೆ ಮಾಡ್ರಿ." ಹಿಂದಿನ ವರ್ಷ ನಮ್ಮಲ್ಲೊಬ್ಬ ಹೀಗೇ ಮನೆಯವರ ಮುಂದೆ ಹೂಂ ಎಂದುಬಿಟ್ಟಿದ್ದ. ಅರಿಸಿನ ಹಚ್ಚುವ ದಿನ ಗ್ರೂಪು ಬಿಟ್ಟು ಹೋದ. ಆಮೇಲೆ ಅವನನ್ನು ಒಮ್ಮೆ ಬಸ್‌ಸ್ಟ್ಯಾಂಡಿನಲ್ಲಿ ಹೆಂಡತಿಯ ಜೊತೆ ನೋಡಿದೆ. ಇಬ್ಬರ ನಡುವೆ ಒಂದು ಚೀಲ, ಚೀಲದ ಆ ಕಡೆ ಅವಳು, ಈ ಕಡೆ ಅವನು. ಅವನಿಗಿಂತ ಅವಳನ್ನು ನೋಡಿ ನನಗೆ ಹೆಚ್ಚು ಸಂಕಟವಾಯಿತು. ಶಿವುವಿಗೂ ಆ ಉದಗೀರದ ಹುಡುಗಿಗೂ ಇದಾಗಬಾರದು ಎಂದು ಎಲ್ಲರೂ ಟೊಂಕ ಕಟ್ಟಿ ಸಲಹೆಗೆ ನಿಂತೆವು.

ನಿಲಂಗಾದ ಮಾಸ್ತರೊಬ್ಬರು, "ಅಡಿಗಿ ನಾನೇ ಮಾಡ್ತೀನಿ, ಭಾಂಡೆ ತೊಳಿಯೋದೂ ನನಗ ಸೇರ್ತದ ಅಂತ ಹೇಳು. ಇಂಥಾ ಗಂಡು ಯಾರಿಗ್ ಬೇಕು?" ಎಂದು ಬರೆದರು. ಢಾಬಾದವನು, "ಪೋಹೆ ಮೂರು ಪ್ಲೇಟ್ ತಿನ್ನು, ಹೆದರಿ ಬಿಡ್ತಾರ" ಎಂದ. ಪೋಹೆ ಎಂದರೆ ಅವಲಕ್ಕಿ, ಹೆಣ್ಣು ನೋಡಲು ಹೋದವರಿಗೆ ನಮ್ಮ ಕಡೆ ಕೊಡುವುದು ಅದನ್ನೇ. ನಾನು ಕಾಕಾ, ಸ್ವಲ್ಪ ಗಂಭೀರವಾಗಿರಬೇಕಲ್ಲ. "ತಲಿ ಎತ್ತಬ್ಯಾಡ. ಕೇಳಿದ್ದಕ್ಕ ಸಣ್ಣ ದನಿಯೊಳಗ ಒಂದೇ ಶಬ್ದ ಹೇಳು. ಮುಲಗಾ ಅಗದೀ ಮಿಳಮಿಳಿತ ಅಂತಾರ" ಎಂದು ಬರೆದು, ನನ್ನ ಸಲಹೆಯನ್ನು ನಾನೇ ಎರಡು ಸಲ ಓದಿ ಮೆಚ್ಚಿಕೊಂಡೆ. ಮುಲಗಾ ಎಂದರೆ ಹುಡುಗ. ಮಿಳಮಿಳಿತ ಎಂದರೆ ಖಾರ ಉಪ್ಪು ಇಲ್ಲದವನು. ನಮ್ಮ ಕಡೆ ಬೈಯುವಾಗ ಮರಾಠಿ ತಾನಾಗಿಯೇ ಬಂದು ಕೂರುತ್ತದೆ.

ನಾನು ಕೂಡ ಹೋಗಬೇಕಾಗಿ ಬಂದದ್ದು ಮೂರರ ದೆಸೆಯಿಂದ. ಶಿವು, ಅವನ ಅವ್ವ, ಸೋದರಮಾವ, ಇವರಾಗುತ್ತಾರೆ ಮೂವರು. ಮೂವರು ಕೂಡಿ ಶುಭಕಾರ್ಯಕ್ಕೆ ಹೋಗುವವರು ನಮ್ಮಲ್ಲಿಲ್ಲ. ನಾಲ್ಕನೆಯವನು ಬೇಕೆಂದಾಗ ಶಿವು ನನ್ನ ಹೆಸರು ಹೇಳಿದ. ಮಾವನಿಗೂ ನಾನು ಗೊತ್ತು, ಅವನ ಹೊಲದ ಅರ್ಜಿಯನ್ನು ನಾನೇ ತುಂಬಿದ್ದೆ. ಸಂಬಂಧ ಕೆಡಿಸಲು ಹೊರಟವನನ್ನೇ ಶುಭಕ್ಕೆಂದು ಕೂಡಿಸಿಕೊಂಡು ಅವರು ಬಸ್ಸು ಹತ್ತಿದರು.

ಉದಗೀರದಲ್ಲಿ ಹುಡುಗಿಯ ತಂದೆ ಬಾಗಿಲಿಗೇ ಬಂದು ಕರೆದೊಯ್ದರು. ಹುಡುಗಿಯ ಹೆಸರು ಸುವರ್ಣಾ, ಶಾಲೆಯಲ್ಲಿ ಗಣಿತ ಕಲಿಸುತ್ತಾಳೆ. ಆಕೆ ಪೋಹೆಯ ತಟ್ಟೆ ಇಟ್ಟು ಕೂತಳು. ಶಿವು ಮೂರು ಪ್ಲೇಟು ತಿಂದ. ಹುಡುಗಿಯ ಅಜ್ಜಿಯ ಕಣ್ಣಲ್ಲಿ ನೀರು ಬಂತು. "ಈಗಿನ ಹುಡುಗರು ಎರಡ ಚಮಚಾ ತಿಂದು ಡಾಯೆಟ್ ಅಂತಾವ. ಇಂವಾ ನೋಡು, ಮನಿ ಮಗನಂಗ ಉಣ್ತಾನ" ಎಂದಳು. ಶಿವು ತಲೆ ಎತ್ತದೆ, ಅಡುಗೆ ಬರುತ್ತದೆ, ಪಾತ್ರೆಯೂ ತೊಳೆಯುತ್ತೇನೆ ಎಂದ. ಹುಡುಗಿಯ ತಾಯಿ ಸೆರಗು ಬಾಯಿಗೆ ಹಿಡಿದು ಗಂಡನ ಕಡೆ ನೋಡಿದ ನೋಟದಲ್ಲಿ ಮೂವತ್ತು ವರ್ಷದ ಲೆಕ್ಕವಿತ್ತು. ತಂದೆಯಂತೂ, "ತಲಿ ಎತ್ತಿ ನೋಡವಲ್ಲ. ಎಂಥಾ ಸಂಸ್ಕಾರ! ಮೊನ್ನೆ ಬಂದಿದ್ದಂವ ಮೊಬೈಲಿನ್ಯಾಗ ಮುಖಾ ಹಾಕ್ಕೊಂಡ ಕುಂತಿದ್ದ" ಎಂದು ಸೋದರಮಾವನ ಕೈ ಹಿಡಿದುಕೊಂಡರು. ಆಗ ನನಗೆ ಹೊಳೆಯಿತು. ನಾವು ಮೂವತ್ತೊಂದು ಜನ ಕೂಡಿ ಗಂಡಿನಲ್ಲಿರುವ ಐಬು ಎಂದು ಯಾವುದನ್ನು ಆರಿಸಿ ಕೊಟ್ಟಿದ್ದೆವೋ, ಹೆಣ್ಣಿನ ಮನೆಯವರು ಅದಕ್ಕಾಗಿಯೇ ಸೋಮವಾರ ಉಪವಾಸ ಮಾಡುತ್ತಿದ್ದರು. ಎಲ್ಲರಿಗೂ ಇಷ್ಟವಾಗುವ ಗಂಡನ್ನು ನಾವೇ ತಯಾರು ಮಾಡಿ ಕಳಿಸಿದ್ದೆವು. ನಮ್ಮಲ್ಲಿ ಯಾರೂ ಇಂಥ ಕೂಟದಲ್ಲಿ ಕೊನೆಯ ತನಕ ಕೂತವರಲ್ಲ, ಮತ್ತೆ ಹೇಗೆ ತಿಳಿಯಬೇಕು?

"ಹುಡುಗ ಹುಡುಗಿ ಐದ ಮಿನಿಟ ಮಾಳಗಿ ಮ್ಯಾಲ ಮಾತಾಡ್ಲಿ. ಕಾಲಾ ಬದಲ್ ಆಗ್ಯಾದ" ಎಂದರು ತಂದೆ. ಸೋದರಮಾವ ಕೈಗಡಿಯಾರ ನೋಡಿಕೊಂಡ. ಐದು ಎಂದರೆ ಐದೇ ಎನ್ನುವ ಮನುಷ್ಯ ಅವನು. ಶಿವು ಮೆಟ್ಟಿಲು ಹತ್ತುವಾಗ ನನ್ನ ಕಡೆ ತಿರುಗಿ ನೋಡಿದ. ಅಷ್ಟರಲ್ಲಿ ತಂದೆ, "ಅಂದಂಗ ನೀವು ಹುಡುಗಗ ಹ್ಯಾಂಗ ಪರಿಚಯ?" ಎಂದು ಕೇಳಿದರು. ಗಾಬರಿಯಲ್ಲಿ ನನ್ನ ಬಾಯಿಂದ ಬಂದದ್ದು ಒಂದೇ ಮಾತು: "ಮೊಣಕಾಲ ನೋವಿನ ಗ್ರೂಪಿನ್ಯಾಗ್ರೀ." ಕೆಟ್ಟೆ ಎಂದುಕೊಂಡೆ. ಆದರೆ ಯಜಮಾನರ ಮುಖ ಅರಳಿತು. ಧೋತರ ಮೇಲೆ ಸರಿಸಿ ಬಲ ಮೊಣಕಾಲನ್ನು ನನ್ನ ಮುಂದಿಟ್ಟು, "ಇದಕ್ಕೇನ್ ಮಾಡ್ಬೇಕ ಹೇಳ್ರಿ" ಎಂದರು.

ಕೇಳಬಾರದಿತ್ತು. ನಾನು ಎಣ್ಣೆಯಿಂದ ಶುರುಮಾಡಿ ಎಲುಬಿಗೆ ಬಂದೆ. ಎಲುಬಿನಿಂದ ಸಂಡಾಸಿನ ಕೂರುವಿಕೆಗೆ, ಅಲ್ಲಿಂದ ಮನೆ ಕಟ್ಟುವಾಗ ಮೆಟ್ಟಿಲು ಎಷ್ಟು ಎತ್ತರವಿರಬೇಕೆಂಬುದಕ್ಕೆ ಹೋದೆ. ಮೆಟ್ಟಿಲಿನಿಂದ ಅವರ ಮನೆಯ ವಾಸ್ತು, ವಾಸ್ತುವಿನಿಂದ ಅಜ್ಜಿಯ ಬಿ.ಪಿ. ಸೋದರಮಾವ ಎರಡು ಸಲ ಗಡಿಯಾರ ತೋರಿಸಿ ಬಾಯಿ ತೆರೆದ. ನಾನು ಅವನ ಮೊಣಕಾಲನ್ನೂ ಹಿಡಿದು ಅದುಮಿ ನೋಡಿದೆ. ಹೀಗೆ ಅರ್ಧ ಗಂಟೆ ಆಯಿತು. ಕೊನೆಗೆ ಮೇಲಿನವರು ತಾವಾಗಿಯೇ ಇಳಿದು ಬಂದರು. ಇಬ್ಬರ ಮುಖದಲ್ಲೂ ಏನೂ ಕಾಣಲಿಲ್ಲ.

ಬಸ್ಸಿನ ಹಿಂದಿನ ಸೀಟಿನಲ್ಲಿ ಶಿವು ನನ್ನ ಕಿವಿಯಲ್ಲಿ ಹೇಳಿದ. "ಆಕಿಗಿ ಖರೇ ಹೇಳಿಬಿಟ್ಟೆ ಕಾಕಾ. ನನಗ ಹೆಣ್ಣಮಕ್ಕಳ ಮ್ಯಾಲ ಮನಸ ಬರಂಗಿಲ್ಲ, ನಿಮ್ಮ ಬಾಳೇ ಹಾಳಾಗ್ತದ ಅಂದೆ."

"ಆಕಿ ಏನಂದಳು?"

"ಮೊದಲ ಸಿಟ್ಟಾಗಿದ್ದಳು. ನಂತರ, ಹಳದಿ ಹಚ್ಚಿದ ಮ್ಯಾಲ ಹೇಳಲಿಲ್ಲಲ್ಲ, ಅಷ್ಟ ಪುಣ್ಯಾ ಅಂದಳು. ನಿಮ್ಮ ಹೆಸರು ನಾ ಎತ್ತಂಗಿಲ್ಲ, ಬ್ಯಾಡ ಅನ್ನೂ ಕೆಲಸಾ ನನಗ ಬಿಡ್ರಿ ಅಂದಳು."

ನಮ್ಮ ಸಲಹೆಗಳಲ್ಲಿ ಇದೊಂದು ಮಾತ್ರ ಇರಲಿಲ್ಲ. ನಾನು ಕಿಟಕಿಯ ಆಚೆ ನೋಡುತ್ತ ಕೂತೆ.

ಎರಡು ದಿನದ ಮೇಲೆ ಉದಗೀರದಿಂದ ಸೋದರಮಾವನಿಗೆ ಫೋನು ಬಂತು. ಹುಡುಗ ಬಂಗಾರದಂಥವನು, ಮನೆತನವೂ ಒಳ್ಳೆಯದು. ಆದರೆ ಸಂಗಡ ಬಂದಿದ್ದ ಉಮರ್ಗಾದ ಕಾಕಾ ಹಬ್ಬ ಹುಣ್ಣಿಮೆಗೆ ಮನೆಗೆ ಬಂದು ಹೋಗುವವರಾದರೆ ತನ್ನಿಂದ ಈ ಸಂಸಾರ ಆಗದು ಎಂದು ಹುಡುಗಿ ಹಟ ಹಿಡಿದಿದ್ದಾಳೆ. ಕೆಳಗೆ ನಡೆದದ್ದು ಮಾಳಿಗೆಯ ಮೇಲೂ ಕೇಳುತ್ತಿತ್ತಂತೆ. ತಂದೆಗೂ ಅಂದಿನಿಂದ ಮೊಣಕಾಲು ಇನ್ನಷ್ಟು ನೋಯುತ್ತಿದೆಯಂತೆ. ಇಷ್ಟನ್ನೂ ಶಿವು ಗ್ರೂಪಿನಲ್ಲಿ ಬರೆದ. ಮೂವತ್ತು ಜನ ನಕ್ಕದ್ದನ್ನು ನಾನು ಎಣಿಸಿದೆ. ಒಳ್ಳೆಯದೇ ಆಯಿತು ಎಂದು ನಾನೂ ನಗುವ ಮುಖವೊಂದನ್ನು ಕಳಿಸಿದೆ. ಆದರೆ ಒಳಗೆ ಚುಚ್ಚಿತು, ಸುಳ್ಳೇಕೆ ಹೇಳಲಿ.

ಆ ವಾರವೇ ಶಿವು ತನ್ನ ಅವ್ವನಿಗೂ ಹೇಳಿದ. ಆಕೆ ಎರಡು ದಿನ ಅವನ ಜೊತೆ ಮಾತು ಬಿಟ್ಟಳು. ಮೂರನೆಯ ದಿನ, "ಉಣ್ಣು ಬಾ" ಎಂದು ಕರೆದಳು. ಮುಂದೇನೋ ಗೊತ್ತಿಲ್ಲ, ಆದರೆ ಸದ್ಯ ಅವನು ಉಣ್ಣುತ್ತಿದ್ದಾನೆ. ಇದನ್ನು ಗ್ರೂಪಿನಲ್ಲಿ ಓದಿದಾಗ ನಾನು ಅಂಗಡಿಯಲ್ಲಿ ಒಬ್ಬನೇ ಇದ್ದೆ. ಭೂಕಂಪವಾದಾಗ ನನಗೆ ಹದಿನೇಳು. ಮದುವೆಯ ಮಾತು ಬಂದಾಗಲೆಲ್ಲ ಮೊದಲು ಬಿರುಕು ಬಿಟ್ಟ ಗೋಡೆ ಕಟ್ಟೋಣ ಎಂದೆ. ಗೋಡೆ ಕಟ್ಟಿದ ಮೇಲೆ ತಂಗಿಯದು ಮುಗಿಯಲಿ ಎಂದೆ. ತಂಗಿಗೆ ಈಗ ಮೊಮ್ಮಗು ಬರುವ ಹೊತ್ತು. ಶಿವು ಇಬ್ಬರು ಹೆಂಗಸರ ಮುಂದೆ ಆಡಿದ ಮಾತನ್ನು ನಾನು ಒಬ್ಬಳ ಮುಂದೆಯೂ ಆಡಿಲ್ಲ. ಆ ದಿನ ಹೊತ್ತಿಗೆ ಮೊದಲೇ ಶಟರ್ ಎಳೆದು ಮನೆಗೆ ಹೋದೆ.

ಅವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. "ಅವ್ವಾ, ಒಂದ ಮಾತು ಹೇಳ್ಬೇಕು" ಎಂದೆ.

"ಸಲಹಾ ಆದ್ರ ಬ್ಯಾಡಪಾ" ಎಂದಳು ತಲೆ ಎತ್ತದೆ. "ಎಪ್ಪತ್ತ ವರ್ಷ ಆತು, ರೊಟ್ಟಿ ಬಡಿಯೋದು ಬರ್ತದ ನನಗ."

"ಸಲಹಾ ಅಲ್ಲವ್ವ. ನನ್ನ ಸುದ್ದಿ."

ಬಡಿಯುವ ಕೈ ನಿಂತಿತು. ಅವ್ವ ಬೆಂಕಿ ಸಣ್ಣಗೆ ಮಾಡಿ, ಕೈಯ ಹಿಟ್ಟು ಒರೆಸಿಕೊಂಡು, ನನ್ನ ಕಡೆ ತಿರುಗಿ ಕೂತಳು. ಮೂರು ತಾಲೂಕಿಗೆ ಬುದ್ಧಿ ಹೇಳಿದ ನಾಲಿಗೆ ಅಂಗುಳಕ್ಕೆ ಅಂಟಿಕೊಂಡು ಕೂತಿತು. ಅವ್ವ ಕಾದಳು. ಅಂಗಡಿಗೆ ಬರುವವರು, ಗ್ರೂಪಿನವರು, ಉದಗೀರದ ಬೀಗರಾಗದ ಬೀಗರು, ಎಲ್ಲರೂ ಇಷ್ಟು ವರ್ಷ ನಾನು ಯಾವಾಗ ಮುಗಿಸುತ್ತೇನೋ ಎಂದು ಕಾದವರು. ಶುರುಮಾಡಲಿ ಎಂದು ಕಾದು ಕೂತವಳು ಆಕೆಯೊಬ್ಬಳೇ.