ಕಾಕಾನ ಗಾಡಿಯ ರಬ್ಬರ್ ಬೂಟು

ನಮ್ಮ ಕಾಕಾನ ಅಂಗಿ ಬೆನ್ನಿನ ಮೇಲೆ ಹರಿದಿದ್ದರೆ ಸಂಜೆಯ ತನಕ ಅವನಿಗೆ ಗೊತ್ತಾಗುವುದಿಲ್ಲ. ಗಾಡಿಯ ಅಡಿಯ ರಬ್ಬರಿಗೆ ಒಂದು ಗೀರು ಬಿದ್ದರೆ ಮಾತ್ರ ರೊಟ್ಟಿ ಗಂಟಲಲ್ಲಿ ಇಳಿಯುವುದಿಲ್ಲ!

ಗಾಡಿ ಎಂದರೆ ನೀವು ಅಂದುಕೊಂಡದ್ದಲ್ಲ. ಬೈಕಿನ ಹ್ಯಾಂಡಲ್, ನಾಲ್ಕು ದಪ್ಪ ಗಾಲಿ. ಪ್ರವಾಸಿಗರು ಮಣ್ಣಿನ ದಿಬ್ಬದ ಮೇಲೆ ಕುಣಿಸುವ ಎಟಿವಿ. ಮುಚ್ಚಿಹೋದ ಯಾವುದೋ ರೆಸಾರ್ಟಿನಿಂದ ಕಾಕಾ ಅದನ್ನು ನಮ್ಮೂರು ಕರ್ಜಗಿಗೆ ತಂದ ದಿನ ಓಣಿಯೆಲ್ಲ ನಕ್ಕಿತು. ಮೊಣಕಾಲು ನೋವಿನಿಂದ ಅವನ ಹೆಂಡತಿ, ನಮ್ಮ ಕಾಕು, ಹೊಲದ ಮುಖ ನೋಡಿ ವರ್ಷವಾಗಿತ್ತು. ಚಕ್ಕಡಿಯ ಕುಲುಕಾಟ ಆಕೆಗೆ ತಡೆಯದು, ಬೈಕು ಎರೆಮಣ್ಣಿನಲ್ಲಿ ಜಾರುತ್ತದೆ. ಅದಕ್ಕೇ ಈ ಸವಾರಿ. ಆಕೆ ಕೂರಲೆಂದು ಹಿಂದಿನ ಕ್ಯಾರಿಯರಿನ ಮೇಲೆ ಕೌದಿ ಮಡಚಿ ಕಟ್ಟಿದ್ದೂ ಆಯಿತು.

ಆಕ್ಸಲ್ ಗಾಲಿಯನ್ನು ಸೇರುವಲ್ಲಿ ಮಡಿಕೆ ಮಡಿಕೆಯಾದ ಒಂದು ರಬ್ಬರ್ ಬೂಟು ಇರುತ್ತದೆ, ಅದರೊಳಗೆ ಗ್ರೀಸು. ನಮ್ಮ ಹೊಲದ ದಾರಿಯಲ್ಲೋ ಗೋವಿನಜೋಳದ ಕೂಳೆ, ಹತ್ತಿಕಟ್ಟಿಗೆ, ಜಾಲಿಮುಳ್ಳು. ಮೊದಲ ವಾರವೇ ಬೂಟು ಹರಿಯಿತು. "ಗ್ರೀಸ್ ಹೊರಗ ಹೋಕ್ಕೈತಿ, ಮಣ್ಣ ಒಳಗ ಬರ್ತೈತಿ, ಕೀಲು ಸವದು ಗಾಡಿ ಕುಂತ್ಬಿಡ್ತೈತಿ ನೋಡ್ರಿ" ಎಂದ ರಾಣೆಬೆನ್ನೂರಿನ ಮೆಕ್ಯಾನಿಕ್. ಕಾಕಾನ ಮುಖ ಇಷ್ಟೇ ಇಷ್ಟಾಯಿತು.

ಬ್ಯಾಡಗಿ ಪೇಟೆಯಿಂದ ಮೆಣಸಿನಕಾಯಿಯ ಖಾಲಿ ಚೀಲ ತಂದು ಕತ್ತರಿಸಿ ಹೊಸ ಬೂಟಿಗೆ ಸುತ್ತಿ ಹೊಲಿದ. ಮೊದಲು ಚೀಲ ಕೊಡವಬೇಕಲ್ಲವೇ? ಕೊಡವಲಿಲ್ಲ. ಗಾಲಿ ತಿರುಗಿದಂತೆ ಘಾಟು ಎದ್ದು ಕಾಕಾ, ದಾರಿಯ ಎಮ್ಮೆಗಳು, ಎದುರಿಗೆ ಬಂದ ನಾನು, ಎಲ್ಲರೂ ಸೀನಿದ್ದೇ ಸೀನಿದ್ದು!

"ಕಾಕಾ, ಗಾಡಿಗೆ ಒಗ್ಗರಣಿ ಹಾಕೀ ಏನು?"

"ನಗು ಲೇ, ನಗು. ಬೂಟಿಗೇನರ ಆಗೇತೇನು ನೋಡು ಮೊದಲ!"

ಆಮೇಲೆ ಎಣ್ಣೆಯ ಪ್ಲಾಸ್ಟಿಕ್ ಕ್ಯಾನು ಸೀಳಿ, ಬಗ್ಗಿಸಿ, ಬೂಟಿನ ಮುಂದೆ ಬೋಲ್ಟು ಹಾಕಿ ಅಡ್ಡ ನಿಲ್ಲಿಸಿದ. ಖರೇ ಹೇಳಬೇಕೆಂದರೆ ಅದು ಚೆನ್ನಾಗಿಯೇ ಕೆಲಸ ಮಾಡಿತು. ಕಾಕಾನಿಗೆ ಮಾತ್ರ ನಂಬಿಕೆ ಬರಲಿಲ್ಲ. ಕುಡುಗೋಲು ಹಿಡಿದು ದಾರಿಯ ಕೂಳೆಯನ್ನೆಲ್ಲ ನೆಲಮಟ್ಟ ಕೊಯ್ದ. ಸಾಲದೆಂದು ಕಸಬರಿಗೆ ತಂದು ಗುಡಿಸಿದ! ಹೊಲದ ದಾರಿಯನ್ನು ಗುಡಿಸಿದವರನ್ನು ನೀವು ಕಂಡಿದ್ದೀರಾ?

ಎಳ್ಳಮಾವಾಸ್ಯೆ ಬಂತು. ಅಂದು ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಭೂಮಿತಾಯಿಗೆ ಬುತ್ತಿಯ ಅನ್ನವನ್ನು ಚರಗವೆಂದು ಚೆಲ್ಲಿ ಉಣ್ಣುವುದು ನಮ್ಮ ವಾಡಿಕೆ. ನಮ್ಮ ಮನೆಯಲ್ಲಿ ಚರಗ ಯಾವಾಗಲೂ ಕಾಕುವಿನ ಕೈಯದು. ಹೋದ ವರ್ಷ ಆಕೆ ಬುತ್ತಿ ಕಟ್ಟಿ ಕಳಿಸಿ ಹೊಸ್ತಿಲಲ್ಲೇ ಕೂತಿದ್ದಳು. ಈ ಸಲ ಕೌದಿಯ ಮೇಲೆ ಕೂತು ಹೊರಟಳು. ಗಾಡಿಯ ಹಿಂದೆ ನಾನು ನಡೆದು ಹೊರಟೆ. ನಡೆದೇ ಅವರನ್ನು ದಾಟಿದೆ ಕೂಡ, ಏಕೆಂದರೆ ಕಾಕಾ ಹೆಜ್ಜೆಹೆಜ್ಜೆಗೂ ಗಾಡಿ ನಿಲ್ಲಿಸಿ ಅಡಿಗೆ ಬಗ್ಗುತ್ತಿದ್ದ.

"ಏನ್ರೀ, ಬುತ್ತಿ ಆರಾಕತ್ತೈತಿ. ಆ ಬೂಟಿನ ಮುಖ ಎಷ್ಟು ಸಲ ನೋಡ್ತೀರಿ?" ಎಂದಳು ಕಾಕು.

ಕಾಕಾ ಗಾಡಿಯ ಅಡಿಯಿಂದಲೇ ಹೇಳಿದ: "ನಿನ್ನ ಮೊಣಕಾಲಾಗಿನ ಗ್ರೀಸ್ ಒಣಗೈತಿ ಅಂತ ಡಾಕ್ಟರ್ ಹೇಳೂತನಕ ನಾ ಒಂದು ಸಲಾನೂ ನೋಡಲಿಲ್ಲ. ಇದನ್ನರ ನೋಡ್ತೇನಿ, ಬಿಡು."

ಕಾಕು ಸೆರಗಿನಿಂದ ಮುಖ ಒರೆಸಿಕೊಂಡಳು. ಹೊಲದಲ್ಲಿ ಅವನ ಹೆಗಲು ಹಿಡಿದು ಇಳಿದು, ಮೊದಲ ಹಿಡಿ ಚರಗವನ್ನು ಬೆಳೆಗೆ ಚೆಲ್ಲಿದಳು. ಎರಡನೆಯದನ್ನು ಗಾಡಿಯ ಗಾಲಿಯ ಬುಡಕ್ಕೆ. ಕಾಕಾ ಲಗುಬಗೆಯಿಂದ ಬಗ್ಗಿ, ಬೂಟಿಗೆ ಅಂಟಿದ ಅಗುಳನ್ನು ಮೆಲ್ಲಗೆ ತೆಗೆದು ಬಾಯಿಗೆ ಹಾಕಿಕೊಂಡ. ನಾನು ನಗಲಿಲ್ಲ.